ಕಳಚದ ಬಳೆ

ಪೇಟೆಯ ಅರ್ಧಕ್ಕರ್ಧ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆತಕ್ಕೆ ಬರುತ್ತಿದ್ದದ್ದು ಆ ಲಾಂಡ್ರಿಗೆ. ಹಿಂಬಾಗಿಲಿನಿಂದ ಕೊಳೆ ಬಟ್ಟೆಯ ಗಂಟುಗಳು ಒಳಗೆ ಬರುತ್ತಿದ್ದವು, ಮುಂಬಾಗಿಲಿನಿಂದ ಗರಿಗರಿಯಾದ ಚಾದರಗಳ ಅಟ್ಟಿಗಳು ಹೊರಗೆ ಹೋಗುತ್ತಿದ್ದವು. ನಡುವೆ ಒಗೆಯುವ ದೊಡ್ಡ ಡ್ರಮ್ಮುಗಳು, ಹಿಂಡುವ ಯಂತ್ರ, ಕೊನೆಯಲ್ಲಿ ಆಳುದ್ದದ ಎರಡು ಬಿಸಿ ರೋಲರುಗಳು. ಆ ರೋಲರುಗಳ ಬಾಯಿಗೆ ಒದ್ದೆ ಚಾದರದ ಅಂಚು ಹಿಡಿದು ಕೊಡುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದರಿಂದ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಎಲ್ಲರಿಗೂ ಅವಳು ಇಸ್ತ್ರಿಯಕ್ಕ. ಆಕೆ ಒಂದು ಸಲ ದುರುಗುಟ್ಟಿ ನೋಡಿದರೆ ಸಾಕು, ತೊಟ್ಟ ಅಂಗಿಯ ಸುಕ್ಕು ತಾನಾಗಿ ಹೋಗುತ್ತದೆ ಎಂದು ಡ್ರಮ್ಮಿನ ಕಡೆಯವರು ತಮಾಷೆ ಮಾಡುತ್ತಿದ್ದರು.

ಹೋಟೆಲಿನ ಚಾದರ ಬಿಡಿಸಿದರೆ ಅದರ ಮೇಲೆ ಮಲಗಿ ಎದ್ದವರ ಕಥೆಯೆಲ್ಲ ಅಲ್ಲೇ ಇರುತ್ತಿತ್ತು. ಕಂಡವರ ಹಾಸಿಗೆಯ ಗುಟ್ಟನ್ನು ದಿನವೂ ಬಿಸಿನೀರಿನಲ್ಲಿ ಕುದಿಸಿ ಬಿಳುಪು ಮಾಡುತ್ತಿದ್ದ ಆ ಹೆಂಗಸರು ಯಾವ ಮಾತಿಗೂ ನಾಚುವವರಲ್ಲ. ತಂತಮ್ಮ ಮನೆಯ ಹಾಸಿಗೆಯ ಮಾತು ಬಂದಾಗ ಮಾತ್ರ ಎಲ್ಲರ ಬಾಯಿಗೂ ಬೀಗ ಬೀಳುತ್ತಿತ್ತು. ಇಸ್ತ್ರಿಯಕ್ಕನೂ ಅದಕ್ಕೆ ಹೊರತಾಗಿರಲಿಲ್ಲ.

ಅವಳ ಗಂಡ ದೂರದೂರಿಗೆ ಲಾರಿ ಓಡಿಸುವವನು. ಮೂರು ವಾರ ರಸ್ತೆಯ ಮೇಲೆ, ನಾಲ್ಕೈದು ದಿನ ಮನೆಯಲ್ಲಿ. ಕೆಟ್ಟವನೇನಲ್ಲ. ಬರುವಾಗ ಮಗಳಿಗೆ ಏನಾದರೊಂದು ಹಿಡಿದು ಬರುತ್ತಿದ್ದ, ತಾಯಿಯ ಕಾಲಿಗೆ ತಾನೇ ಎಣ್ಣೆ ತಿಕ್ಕುತ್ತಿದ್ದ, ಕುಡಿದು ಕೂಗಾಡಿದವನಲ್ಲ. ಆದರೆ ಹಿಂದಿನ ವರ್ಷ ಅವಳಿಗೆ ಕಿಬ್ಬೊಟ್ಟೆಯ ನೋವು, ಉರಿ, ಬಿಳಿಸೆರಗು ಶುರುವಾಗಿ, ಹಲ್ಲು ಕಚ್ಚಿ ಸಹಿಸಿ ಸಾಕಾಗಿ ಆಸ್ಪತ್ರೆಗೆ ಹೋದಾಗ ಡಾಕ್ಟರು ಎರಡು ಪಟ್ಟಿ ಮಾತ್ರೆ ಕೊಟ್ಟರು. ಒಂದು ನಿಮಗೆ, ಒಂದು ಯಜಮಾನರಿಗೆ. ಇಬ್ಬರೂ ನುಂಗದಿದ್ದರೆ ಇದು ಮತ್ತೆ ಮತ್ತೆ ಬರುತ್ತದೆ ಎಂದರು. ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಂಡನಿಗೆ ಮಾತ್ರೆ ಕೊಟ್ಟಳು. ದಾರಿಯಲ್ಲಿ ನುಂಗುತ್ತೇನೆ ಎಂದು ಜೇಬಿಗಿಳಿಸಿಕೊಂಡು ಹೋದ. ಮುಂದಿನ ಸಲ ಅವನು ಬಂದಾಗ ಪ್ಯಾಂಟು ಒಗೆಯಲೆಂದು ಜೇಬು ತಡಕಿದರೆ ಆ ಪಟ್ಟಿ ಹಾಗೆಯೇ ಕೈಗೆ ಬಂತು. ಒಂದೇ ಒಂದು ಮಾತ್ರೆಯೂ ಕಮ್ಮಿಯಾಗಿರಲಿಲ್ಲ.

ಎರಡು ತಿಂಗಳಿಗೆ ನೋವು ಮತ್ತೆ ಬಂತು. ಆಗ ಧೈರ್ಯ ಮಾಡಿ ಕಾಂಡೋಮಿನ ಮಾತು ಎತ್ತಿದಳು. ಗಂಡ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ, ಮದುವೆಯಾಗಿ ಹನ್ನೆರಡು ವರ್ಷಕ್ಕೆ ಈ ಬುದ್ಧಿ ನಿನಗೆ ಎಲ್ಲಿಂದ ಬಂತು, ನಿನಗೆ ನನ್ನ ಮೇಲೆ ಅನುಮಾನವೋ, ಇಲ್ಲ ನಾನೇ ನಿನ್ನ ಮೇಲೆ ಅನುಮಾನಪಡಬೇಕೋ ಎಂದು ಕೇಳಿದ. ಅವಳು ಸುಮ್ಮನಾದಳು. ಸುಮ್ಮನಾದದ್ದಕ್ಕೆ ತನ್ನ ಮೇಲೆ ತನಗೇ ಬಂದ ಸಿಟ್ಟು ಬಹಳ ದಿನ ಆರಲಿಲ್ಲ.

ರೋಲರಿನಿಂದ ಹೊರಬಂದ ದೊಡ್ಡ ಚಾದರವನ್ನು ಮಡಿಸಲು ಇಬ್ಬರು ಬೇಕು. ಇಬ್ಬರೂ ಎರಡೆರಡು ಮೂಲೆ ಹಿಡಿದು ಎಳೆದು, ಒದರಿ, ನಡೆದು ಬಂದು ಮೂಲೆಗೆ ಮೂಲೆ ಸೇರಿಸಿ ಮತ್ತೆ ಹಿಂದೆ ಸರಿಯಬೇಕು. ಮಧ್ಯಾಹ್ನದ ಮೇಲೆ ಇಸ್ತ್ರಿಯಕ್ಕನಿಗೆ ಜೊತೆಯಾಗುತ್ತಿದ್ದವಳು ಉದ್ದಕ್ಕ. ಇವಳಿಗಿಂತ ಏಳೆಂಟು ವರ್ಷ ದೊಡ್ಡವಳು, ಹೆಸರಿಗೆ ತಕ್ಕ ಎತ್ತರ, ಎದುರು ನಿಂತರೆ ಮಡಿಕೆ ಯಾವಾಗಲೂ ಒಂದು ಕಡೆ ಮೇಲಕ್ಕೆ ವಾಲುತ್ತಿತ್ತು. ದಿನವೂ ಒಂದೇ ಹೊತ್ತಿಗೆ ಉದ್ದಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆ ನುಂಗುವುದನ್ನು ಇಸ್ತ್ರಿಯಕ್ಕ ನೋಡುತ್ತಿದ್ದಳು, ರಕ್ತದೊತ್ತಡದ್ದಿರಬೇಕು ಎಂದುಕೊಂಡಿದ್ದಳು. ಒಂದು ದಿನ ಉದ್ದಕ್ಕ ತಾನಾಗಿಯೇ ಹೇಳಿದಳು. ಅಷ್ಟನ್ನು ಹೇಳಲು ಅವಳಿಗೆ ಐದು ಚಾದರ ಹಿಡಿಯಿತು. ಮೂಲೆ ಕೊಡಲು ಹತ್ತಿರ ಬಂದಾಗ ಒಂದು ಮಾತು, ಹಿಂದೆ ಸರಿದಾಗ ಮೌನ. ಗಂಡ ತೀರಿಕೊಂಡದ್ದು ಜ್ವರದಿಂದ ಎಂದು ಎಲ್ಲರಿಗೂ ಹೇಳಿದ್ದಳಲ್ಲ, ಜ್ವರ ಏಡ್ಸಿನದು. ಅವನಿಂದ ಇವಳಿಗೂ ಆ ವೈರಸ್ ಬಂದಿತ್ತು. ಮಾತ್ರೆ ಇರುವುದರಿಂದ ಗಟ್ಟಿಮುಟ್ಟಾಗಿದ್ದಾಳೆ, ಅಷ್ಟೆ.

"ನಾನು ಎಲ್ಲಿಗೂ ಹೋದವಳಲ್ಲ ಕಣೆ" ಎಂದಳು ಉದ್ದಕ್ಕ. "ಮನೆಗೆ ಬಂದವನಿಗೆ ಬಾಗಿಲು ತೆಗೆದೆ, ಅಷ್ಟೇ ನಾನು ಮಾಡಿದ್ದು."

ಇಸ್ತ್ರಿಯಕ್ಕನ ಕೈಯಿಂದ ಚಾದರದ ಮೂಲೆ ಜಾರಿ ನೆಲಕ್ಕೆ ಬಿತ್ತು. ಒಗೆದ ಬಟ್ಟೆ ನೆಲ ಮುಟ್ಟಿದರೆ ಮತ್ತೆ ಡ್ರಮ್ಮಿಗೆ ಹೋಗಬೇಕು. ಉದ್ದಕ್ಕ ಅದನ್ನು ಎತ್ತಿ ಬುಟ್ಟಿಗೆ ಹಾಕಿ, ತಾನು ಮಾತ್ರೆ ತರುವ ಚಿಕಿತ್ಸಾಲಯದಲ್ಲಿ ಹೆಂಗಸರಿಗೆಂದೇ ಏನೋ ಹೊಸದು ಕೊಡುತ್ತಿದ್ದಾರೆ, ಗಂಡನನ್ನು ಕೇಳಬೇಕಾಗಿಲ್ಲವಂತೆ, ನನಗಂತೂ ಹೊತ್ತು ಮೀರಿದೆ, ನಿನಗೆ ಮೀರಿಲ್ಲ ಎಂದಳು.

ಆ ವಾರದ ರಜೆಯ ದಿನವೇ ಇಸ್ತ್ರಿಯಕ್ಕ ಅಲ್ಲಿಗೆ ಹೋದಳು. ಔಷಧದಂಗಡಿಯ ಮೇಲಿನ ಮಹಡಿ, ಎರಡು ಕೋಣೆ, ಒಂದು ಪರದೆ. ಅಲ್ಲಿದ್ದ ನರ್ಸು ಕನ್ನಡಕವನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ, ಮಾತಿನಲ್ಲಿ ನೇರವಾದ ಹೆಂಗಸು. ಮೊದಲು ರಕ್ತ ಪರೀಕ್ಷೆ ಮಾಡಿದರು. ವೈರಸ್ ಇಲ್ಲ ಎಂದು ಗೊತ್ತಾಗುವವರೆಗಿನ ಅರ್ಧ ಗಂಟೆಯಲ್ಲಿ ಇಸ್ತ್ರಿಯಕ್ಕ ಗೋಡೆಗೆ ಅಂಟಿಸಿದ್ದ ಚಿತ್ರಪಟಗಳನ್ನೆಲ್ಲ ಮೂರು ಸಲ ಓದಿದಳು. ಆಮೇಲೆ ನರ್ಸು ಒಂದು ಬಿಳಿ ಉಂಗುರ ತೆಗೆದು ಅವಳ ಅಂಗೈಯಲ್ಲಿಟ್ಟರು. ಮಗುವಿನ ಕೈಬಳೆಯಷ್ಟು ಅಗಲ, ರಬ್ಬರಿನಂತೆ ಮೆತ್ತಗೆ. ಅದನ್ನು ಒತ್ತಿ ಮಡಿಸಿ ಯೋನಿಯೊಳಗೆ ಇಟ್ಟುಕೊಳ್ಳಬೇಕು, ಒಂದು ತಿಂಗಳು ಅಲ್ಲೇ ಇರುತ್ತದೆ, ಔಷಧಿ ಸ್ವಲ್ಪಸ್ವಲ್ಪವೇ ಬಿಡುತ್ತದೆ, ತಿಂಗಳಾದ ಮೇಲೆ ಹಳೆಯದನ್ನು ತಂದುಕೊಟ್ಟು ಹೊಸದು ಒಯ್ಯಬೇಕು.

"ಇದು ಕೋಟೆಯಲ್ಲಮ್ಮ, ಬೇಲಿ" ಎಂದರು ನರ್ಸು. "ಎಚ್‌ಐವಿ ಬರೋ ಅಪಾಯ ಕಡಿಮೆ ಮಾಡುತ್ತೆ, ಪೂರ್ತಿ ಇಲ್ಲದಂತೆ ಮಾಡಲ್ಲ. ಬೇರೆ ಸೋಂಕುಗಳನ್ನ ತಡೆಯೋದೇ ಇಲ್ಲ, ಅದಕ್ಕೆ ಕಾಂಡೋಮೇ ಬೇಕು. ಇನ್ನೊಂದು ಮಾತು, ಇದು ಒಳಗಿದ್ದರೆ ಮಾತ್ರ ಕೆಲಸ ಮಾಡೋದು. ಡಬ್ಬಿಯಲ್ಲಿಟ್ಟರೆ ಬರೀ ರಬ್ಬರು."

ಪರದೆಯ ಹಿಂದೆ ಹೋಗಿ ಮೊದಲ ಸಲ ಹಾಕಿಕೊಳ್ಳುವಾಗ ಉಂಗುರ ಕೈಯಿಂದ ಚಿಮ್ಮಿ ಕಿಟಕಿಗೆ ಬಡಿಯಿತು. ಹೊರಗಿನಿಂದ ನರ್ಸು, ಎಲ್ಲರದ್ದೂ ಮೊದಲು ಹಾರುತ್ತೆ, ತೊಳೆದುಕೊಂಡು ಮತ್ತೆ ನೋಡಿ ಎಂದು ಗಂಭೀರವಾಗಿ ಹೇಳಿದರು. ಎರಡನೇ ಸಲಕ್ಕೆ ಅದು ಕೂತಿತು. ನಡೆದು ನೋಡಿದಳು, ಕೂತು ನೋಡಿದಳು, ಇದೆ ಎಂಬುದೇ ಗೊತ್ತಾಗಲಿಲ್ಲ. ಲಾಂಡ್ರಿಯಲ್ಲಿ ರೋಲರಿನ ಹತ್ತಿರ ಬಳೆ ತೊಡುವಂತಿರಲಿಲ್ಲ, ಬೆಳಿಗ್ಗೆ ಬಂದ ಕೂಡಲೇ ಕಳಚಿ ಗೂಡಿನಲ್ಲಿಡಬೇಕಿತ್ತು. ಮರುದಿನ ಬಳೆ ಕಳಚುತ್ತ, ಈ ಒಂದು ಬಳೆಯ ವಿಷಯ ಸೂಪರ್‌ವೈಸರನಿಗೆ ಗೊತ್ತಾಗಲ್ಲ ಬಿಡು ಎಂದು ಉದ್ದಕ್ಕನ ಕಿವಿಯಲ್ಲಿ ಹೇಳಿದಳು. ಉದ್ದಕ್ಕ ನಕ್ಕ ರಭಸಕ್ಕೆ ಡ್ರಮ್ಮಿನವರು ತಿರುಗಿ ನೋಡಿದರು. ಅಂದಿನಿಂದ ಅದು ಅವರಿಬ್ಬರ ಬಾಯಲ್ಲಿ ಬಳೆಯೇ ಆಯಿತು.

ಮೂರನೇ ವಾರ ಗಂಡ ಬರುವ ಸುದ್ದಿ ಬಂದಾಗ ಮಾತ್ರ ಅವಳಿಗೆ ಹೆದರಿಕೆ ಹುಟ್ಟಿತು. ಅವನಿಗೆ ತಗುಲಿದರೆ? ಏನಿದು ಎಂದು ಕೇಳಿದರೆ? ಅವನು ಇನ್ನೂ ಬಸ್ ಸ್ಟ್ಯಾಂಡಿನ ಬಳಿ ಲಾರಿ ನಿಲ್ಲಿಸುತ್ತಿರುವಾಗಲೇ ಇವಳು ಬಚ್ಚಲಿಗೆ ಹೋಗಿ ಅದನ್ನು ತೆಗೆದು, ತೊಳೆದು, ಒಂದು ಬಿಳಿ ಚಿಂದಿಯಲ್ಲಿ ಸುತ್ತಿ ಸೂಜಿದಾರದ ಡಬ್ಬಿಯ ತಳದಲ್ಲಿಟ್ಟಳು. ಅವನು ಹೊರಟ ಮೇಲೆ ಮತ್ತೆ ಹಾಕಿಕೊಂಡಳು. ತಿಂಗಳಿಗೆ ಹೋದಾಗ ನರ್ಸು, ತೆಗೆದಿದ್ದಿರಾ ಎಂದು ಕೇಳಿದರು. ಒಂದು ದಿನವೂ ಇಲ್ಲ ಎಂದಳು. ಎರಡನೇ ತಿಂಗಳೂ ಹಾಗೆಯೇ ಆಯಿತು. ಮೂರನೇ ತಿಂಗಳು ಲಾರಿಯ ಎಂಜಿನ್ ಕೆಟ್ಟು ಗಂಡ ಹದಿನೆಂಟು ದಿನ ಮನೆಯಲ್ಲೇ ಉಳಿದ. ಹದಿನೆಂಟು ದಿನವೂ ಬಳೆ ದಾರದುಂಡೆಗಳ ಕೆಳಗೆ ಮಲಗಿತ್ತು. ಆಗಲೂ ಚಿಕಿತ್ಸಾಲಯದಲ್ಲಿ ಅವಳ ಉತ್ತರ ಬದಲಾಗಲಿಲ್ಲ. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಅನ್ನಿಸಲೂ ಇಲ್ಲ. ಒಳ್ಳೆಯ ವಿದ್ಯಾರ್ಥಿನಿ ಎನಿಸಿಕೊಳ್ಳುವ ಆಸೆ, ಅಷ್ಟೆ.

ನಾಲ್ಕನೇ ತಿಂಗಳ ಉಂಗುರ ವಾಪಸು ಕೊಡಲು ಹೋದಾಗ ನರ್ಸು ಒಂದು ಚೀಟಿ ಮುಂದಿಟ್ಟರು. ವಾಪಸು ಬಂದ ಉಂಗುರಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ಅದರಲ್ಲಿ ಔಷಧಿ ಎಷ್ಟು ಉಳಿದಿದೆ ಎಂದು ನೋಡಿಸುತ್ತಾರಂತೆ. ಮೈಗೆ ಇಳಿದಷ್ಟು ಉಂಗುರದಲ್ಲಿ ಕಮ್ಮಿಯಾಗಬೇಕು. ಇವಳ ಮೂರನೇ ಉಂಗುರದಲ್ಲಿ ಬೇಕಾದಷ್ಟು ಹಾಗೆಯೇ ಉಳಿದಿತ್ತು.

"ಇಲ್ಲ ಸಿಸ್ಟರ್, ಲ್ಯಾಬಿನವರು ತಪ್ಪು ಮಾಡಿರಬೇಕು. ಬೇರೆಯವರದ್ದು ನನ್ನ ಹೆಸರಿಗೆ ಬಂದಿರುತ್ತೆ."

"ಆಗಿರಬಹುದು" ಎಂದರು ನರ್ಸು. ಗದರಲಿಲ್ಲ, ಮುಖ ಸಿಂಡರಿಸಲಿಲ್ಲ. "ನಾನು ಪೊಲೀಸಿನವಳಲ್ಲಮ್ಮ. ತೆಗೆದರೆ ತೆಗೆದೆ ಅಂತ ಹೇಳಿದವರಿಗೆ ಏನು ಕಷ್ಟ ಅಂತ ಕೇಳಬಹುದು. ತೆಗೆದೇ ಇಲ್ಲ ಅನ್ನೋರಿಗೆ ನಾನೇನು ಸಹಾಯ ಮಾಡಲಿ?"

ಇಸ್ತ್ರಿಯಕ್ಕ ಹೊಸ ಉಂಗುರದ ಪೊಟ್ಟಣ ತೆಗೆದುಕೊಂಡು ತಲೆ ತಗ್ಗಿಸಿ ಹೊರಗೆ ಬಂದಳು.

ಮರುದಿನ ಬೆಳಿಗ್ಗೆ ರೋಲರಿಗೆ ಹಬೆ ಬಿಟ್ಟರು. ಅವಳು ದಪ್ಪ ಕೈಗವಸು ಏರಿಸಿಕೊಂಡು ಮೊದಲ ಚಾದರದ ಅಂಚು ಹಿಡಿದಳು. ಹಿಡಿದವಳು ಹಾಗೆಯೇ ನಿಂತುಬಿಟ್ಟಳು. ರೋಲರ್ ಮುಟ್ಟುವಾಗ ಕೈಗವಸು ಕಳಚಿಟ್ಟು, ಊಟಕ್ಕೆ ಕೂತಾಗ ಅದನ್ನು ಏರಿಸಿಕೊಳ್ಳುವ ಹೆಂಗಸೊಬ್ಬಳು ಈ ಲಾಂಡ್ರಿಯಲ್ಲಿದ್ದರೆ ತಾನು ಏನೆನ್ನುತ್ತಿದ್ದೆ? ತಲೆ ನೆಟ್ಟಗಿದೆಯಾ ಎಂದು ಕೇಳುತ್ತಿದ್ದೆ. ನಾಲ್ಕು ತಿಂಗಳಿನಿಂದ ತಾನು ಮಾಡಿದ್ದು ಅದನ್ನೇ. ಗಂಡ ಊರಲ್ಲಿಲ್ಲದಾಗ ಕಟ್ಟುನಿಟ್ಟು ಕಾವಲು, ಅವನು ಬಂದ ಗಳಿಗೆ ಕಾವಲುಗಾರನಿಗೆ ರಜೆ. ಹಿಂದಿನಿಂದ ಯಾರೋ ಚಾದರ ತಳ್ಳು ಎಂದು ಕೂಗಿದರು. ಅವಳು ತಳ್ಳಿದಳು. ಇನ್ನು ಮೇಲೆ ತೆಗೆಯುವುದಿಲ್ಲ ಎಂದು ಅಲ್ಲೇ, ಆ ಹಬೆಯಲ್ಲಿ ನಿಂತು ತೀರ್ಮಾನ ಮಾಡಿದಳು.

ಅದಾದ ಭಾನುವಾರ ಚಿಕಿತ್ಸಾಲಯದವರು ಬಳೆ ಒಯ್ಯುವ ಹೆಂಗಸರನ್ನೆಲ್ಲ ಒಟ್ಟಿಗೆ ಕರೆದಿದ್ದರು. ಇಪ್ಪತ್ತರ ಮೇಲೆ ಒಂದೆರಡು ಜನ, ಪ್ಲಾಸ್ಟಿಕ್ ಕುರ್ಚಿ, ಕರಕರ ಎನ್ನುವ ಫ್ಯಾನು. ನರ್ಸು ಯಾರ ಹೆಸರನ್ನೂ ಎತ್ತದೆ, ವಾಪಸು ಬಂದ ಉಂಗುರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಯಾಗಿ ಬಳಕೆಯಾಗಿಲ್ಲ, ಆದರೆ ಕೇಳಿದರೆ ಒಬ್ಬರೂ ತೆಗೆದೇ ಇಲ್ಲ ಎನ್ನುತ್ತಾರೆ, ಹೀಗಾದರೆ ಉಂಗುರ ಕೆಲಸಕ್ಕೆ ಬರುವುದಿಲ್ಲ ಎಂದು ಇದನ್ನು ಕೊಡಿಸುವ ಮೇಲಿನವರು ಅಂದುಕೊಳ್ಳುತ್ತಾರೆ ಎಂದರು. ಎಲ್ಲರಿಗೂ ಒಮ್ಮೆಲೇ ಫ್ಯಾನಿನ ಮೇಲೆ ಆಸಕ್ತಿ ಹುಟ್ಟಿತು.

ಇಸ್ತ್ರಿಯಕ್ಕ ಎದ್ದು ನಿಂತಳು. ಇಪ್ಪತ್ತು ಜನರ ಮುಂದೆ ಅವಳು ಯಾವತ್ತೂ ಮಾತಾಡಿದವಳಲ್ಲ. ಮುಂದಿನ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸಿಸ್ಟರ್, ಲ್ಯಾಬಿನವರು ತಪ್ಪು ಮಾಡಿಲ್ಲ. ನಾನೇ ತೆಗೆದಿಟ್ಟಿದ್ದೆ. ಗಂಡ ಬಂದ ದಿನ ತೆಗೀತಿದ್ದೆ, ಹೋದ ದಿನ ಹಾಕ್ಕೊಳ್ತಿದ್ದೆ. ಯಾವಾಗ ಬೇಕೋ ಆವಾಗ ಇಲ್ಲ, ಯಾವಾಗ ಬೇಡವೋ ಆವಾಗ ಇದೆ."

ಕೈಗವಸಿನ ಮಾತನ್ನೂ ಹೇಳಿದಳು. ಯಾರೋ ಒಬ್ಬಳು ಫಕ್ಕನೆ ನಕ್ಕಳು. ಆ ನಗೆಯ ಹಿಂದೆಯೇ ಮೂಲೆಯಲ್ಲಿ ಕೂತಿದ್ದ ತರಕಾರಿ ಮಾರುವವಳು, ನಾನೂ ಅಷ್ಟೇ ಕಣಮ್ಮ ಎಂದಳು. ಬ್ಯೂಟಿ ಪಾರ್ಲರಿನವಳು ಮುಟ್ಟಿನ ದಿನಗಳಲ್ಲಿ ತೆಗೆದವಳು ಮತ್ತೆ ಹಾಕಿಕೊಳ್ಳಲು ಮರೆತೇ ಹೋಗಿದ್ದಳಂತೆ. ಇನ್ನೊಬ್ಬಳಿಗೆ ಅದು ಗರ್ಭಕ್ಕೆ ಏರಿಹೋಗುತ್ತದೆಂಬ ಹೆದರಿಕೆ, ಮತ್ತೊಬ್ಬಳಿಗೆ ನಾದಿನಿಯ ಹೆದರಿಕೆ. ಅರ್ಧ ಗಂಟೆಯಲ್ಲಿ ಆ ಕೋಣೆ ಸಂತೆಯಾಯಿತು. ನರ್ಸು ಕನ್ನಡಕ ಏರಿಸಿಕೊಂಡು ಬರೆದದ್ದೇ ಬರೆದದ್ದು. ಗರ್ಭದ ಬಾಯಿ ಎಷ್ಟು ಚಿಕ್ಕದು, ಉಂಗುರ ಎಲ್ಲಿಗೂ ಹೋಗಲಾರದು ಎಂದು ಬೊಂಬೆ ತಂದು ತೋರಿಸಿದರು. ಮುಟ್ಟಿನಲ್ಲೂ ಇರಲಿ ಎಂದರು. ಬಹಳಷ್ಟು ಗಂಡಸರಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾದರೆ ಏನು ಹೇಳಬೇಕೆಂಬುದನ್ನು ನಾವೇ ಮೊದಲೇ ಯೋಚಿಸಿಟ್ಟುಕೊಳ್ಳೋಣ ಎಂದರು. ಆ ದಿನದ ಮೇಲೆ ಅವರು ತೆಗೆದಿದ್ದಿರಾ ಎಂದು ಕೇಳುವುದನ್ನೇ ಬಿಟ್ಟರು. ಈ ತಿಂಗಳು ಎಷ್ಟು ದಿನ ಹೊರಗಿತ್ತು, ಯಾಕೆ ಎಂದು ಕೇಳತೊಡಗಿದರು.

ಮುಂದಿನ ಸಲ ಗಂಡ ಬಂದಾಗ ಇಸ್ತ್ರಿಯಕ್ಕ ಬಳೆ ತೆಗೆಯಲಿಲ್ಲ. ಅಂಗೈಯಲ್ಲಿ ಜೀವ ಹಿಡಿದುಕೊಂಡಿದ್ದಳು. ಅವನಿಗೆ ಏನೂ ಗೊತ್ತಾಗಲಿಲ್ಲ. ನಾಲ್ಕು ತಿಂಗಳು ಇದಕ್ಕಾಗಿ ಹೆದರಿದೆನೇ ಎಂದು ಬೆಳಿಗ್ಗೆ ಒಲೆಯ ಮುಂದೆ ಒಬ್ಬಳೇ ನಕ್ಕಳು. ಹಾಗೆ ಎರಡು ಸಲ ಆಯಿತು. ಚೀಟಿಯಲ್ಲಿ ಉಳಿದ ಔಷಧಿಯ ಲೆಕ್ಕ ಇಳಿದಿತ್ತು.

ಸಿಕ್ಕಿಬಿದ್ದದ್ದು ಗಂಡನ ಕೈಗಲ್ಲ, ಅತ್ತೆಯ ಕೈಗೆ. ಒಂದು ಮಧ್ಯಾಹ್ನ ರವಿಕೆಯ ಕೊಕ್ಕೆ ಹೊಲಿಯಲೆಂದು ಅತ್ತೆ ಸೂಜಿದಾರದ ಡಬ್ಬಿ ತೆರೆದಾಗ ಕೈಗಿರಲೆಂದು ನರ್ಸು ಹೆಚ್ಚಿಗೆ ಕೊಟ್ಟಿದ್ದ ಹೊಸ ಉಂಗುರದ ಪೊಟ್ಟಣ ಸಿಕ್ಕಿತು. ಇಸ್ತ್ರಿಯಕ್ಕ ಕೆಲಸದಿಂದ ಬರುವಾಗ ಅತ್ತೆ ಆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಮುಖಮಾಡಿ ಕೂತಿದ್ದರು. ಇದೇನು ಎಂದು ಕೇಳಿದರು. ಹೆಂಗಸರ ಔಷಧಿ ಎಂದು ಹಾರಿಸಿಬಿಡಬಹುದಿತ್ತು. ಆದರೆ ಭಾನುವಾರದ ಕೋಣೆಯಲ್ಲಿ ಒಮ್ಮೆ ಬಾಯಿಬಿಟ್ಟವಳಿಗೆ ಮತ್ತೆ ಬಾಯಿ ಮುಚ್ಚಿಕೊಳ್ಳುವುದು ಆಗಲಿಲ್ಲ. ಚಪ್ಪಲಿ ಬಿಟ್ಟು, ಅತ್ತೆಯ ಎದುರು ನೆಲದ ಮೇಲೆ ಕೂತು, ನೋವಿನಿಂದ ಹಿಡಿದು ಜೇಬಿನ ಮಾತ್ರೆಯವರೆಗೆ ಎಲ್ಲವನ್ನೂ ಹೇಳಿದಳು.

ಮಗನ ಮೇಲೆ ಇಲ್ಲದ್ದು ಹೇಳುತ್ತೀಯಾ ಎಂದು ಎಗರುತ್ತಾರೆಂದು ಇವಳು ಕಾಯುತ್ತಿದ್ದಳು. ಅತ್ತೆ ಹೇಳಿದ್ದು ಬೇರೆ. ಇವಳ ಗಂಡ ಹುಟ್ಟುವ ಮೊದಲು ಅವರಿಗೆ ಎರಡು ಕೂಸು ಹುಟ್ಟಿದ್ದವಂತೆ, ಎರಡೂ ಉಳಿಯಲಿಲ್ಲ. ಆಗಿನ ಡಾಕ್ಟರು ರಕ್ತದಲ್ಲಿ ದೋಷವಿದೆ ಎಂದು ಇವರಿಗೆ ಸಾಲುಸಾಲಾಗಿ ಸೂಜಿ ಚುಚ್ಚಿದರು. ಮಾವನಿಗೂ ಚುಚ್ಚಬೇಕೆಂದಾಗ ಅವರು ಮತ್ತೆ ಆ ಆಸ್ಪತ್ರೆಯ ಬಾಗಿಲು ತುಳಿಯಲಿಲ್ಲ. ಊರೆಲ್ಲ ಇವಳ ಹೊಟ್ಟೆಯಲ್ಲಿ ಕೂಸು ನಿಲ್ಲುವುದಿಲ್ಲ ಎಂದು ಆಡಿಕೊಂಡಿತು.

"ಇಷ್ಟು ವರ್ಷ ನನ್ನ ಹೊಟ್ಟೆಯದ್ದೇ ತಪ್ಪು ಅಂದ್ಕೊಂಡೆ" ಎಂದರು ಅತ್ತೆ. ಆಮೇಲೆ ಪೊಟ್ಟಣವನ್ನು ಸೊಸೆಯ ಕೈಗಿಟ್ಟು, "ಅವನಿಗೆ ನಾನಾಗಿ ಹೇಳಲ್ಲ. ಆದರೆ ಅವನು ಕೇಳಿದರೆ ಸುಳ್ಳು ಹೇಳಲ್ಲ. ನೋಡ್ಕೋ" ಎಂದು ಮುಗಿಸಿದರು.

ಅದರ ಅರ್ಥ ಇಸ್ತ್ರಿಯಕ್ಕನಿಗೆ ಆಯಿತು. ಬೇರೆ ಯಾರಿಂದಲೋ ತಿಳಿಯುವ ಮೊದಲು ತಾನೇ ಹೇಳಬೇಕು. ನರ್ಸನ್ನು ಕೇಳಿದಾಗ ಅವರು, ಹೇಳಲೇಬೇಕೆಂದಿಲ್ಲ, ಹೇಳುವುದಾದರೆ ಮನೆಯಲ್ಲಿ ಇನ್ನೊಬ್ಬರಿರುವಾಗ, ಹಗಲಿನಲ್ಲಿ ಹೇಳಿ, ಅವರು ಕೈಯೆತ್ತುವವರೇ ಎಂದು ವಿಚಾರಿಸಿದರು. ಕೈಯೆತ್ತುವವನಲ್ಲ, ಮಾತಿನಲ್ಲೇ ಚುಚ್ಚುವವನು ಎಂದಳು. ಮೂರು ದಿನ ಉದ್ದಕ್ಕನ ಜೊತೆ ಚಾದರ ಮಡಿಸುತ್ತ ಹೇಳಬೇಕಾದ ಮಾತನ್ನು ಹೇಳಿ ಹೇಳಿ ನೋಡಿಕೊಂಡಳು. ಉದ್ದಕ್ಕ ಗಂಡನ ಪಾತ್ರ ವಹಿಸಿ ಹುಬ್ಬು ಗಂಟಿಕ್ಕಿ ನಿಲ್ಲುತ್ತಿದ್ದಳು, ಆದರೆ ನಡುವೆ ನಗು ಬಂದು ಪಾತ್ರ ಕೆಡುತ್ತಿತ್ತು.

ಗಂಡ ಬಂದ ಎರಡನೇ ಬೆಳಿಗ್ಗೆ, ಮಗಳು ಶಾಲೆಗೆ ಹೋದ ಮೇಲೆ, ಚಹಾ ಕೊಟ್ಟು ಎದುರು ಕೂತಳು. ಅತ್ತೆ ಅಡುಗೆಮನೆಯಲ್ಲಿದ್ದರು. ಪೊಟ್ಟಣವನ್ನು ಮೇಜಿನ ಮೇಲಿಟ್ಟು ಅದು ಏನು, ಯಾತಕ್ಕೆ ಎಂದು ನೇರವಾಗಿ ಹೇಳಿದಳು.

ಗಂಡ ಲೋಟ ಕೆಳಗಿಟ್ಟ. "ಎಷ್ಟು ದಿನದಿಂದ?"

"ಏಳು ತಿಂಗಳು."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ದೆ. ನೀವು ನಕ್ಕುಬಿಟ್ಟಿರಿ. ಮಾತ್ರೆ ಕೊಟ್ಟಿದ್ದೆ, ಜೇಬಲ್ಲೇ ಇಟ್ಕೊಂಡು ತಿರುಗಿದಿರಿ."

"ಯಾರಿಗೋಸ್ಕರ ಹಾಕ್ಕೊಂಡಿದ್ದೀಯ ಇದನ್ನ?"

"ನನಗೋಸ್ಕರ."

ತೆಗಿ ಅದನ್ನ ಎಂದ. ತೆಗೆಯಲ್ಲ ಎಂದಳು.

"ರಸ್ತೆ ಮೇಲೆ ನೀವು ಎಲ್ಲಿ ಮಲಗ್ತೀರಿ ಅಂತ ನಾನು ಒಂದು ದಿನವೂ ಕೇಳಿಲ್ಲ. ಈಗಲೂ ಕೇಳಲ್ಲ. ನನ್ನ ಮೈಗೆ ಏನು ಬರಬಾರದು ಅನ್ನೋದನ್ನ ನಾನು ನೋಡ್ಕೊಳ್ತೀನಿ. ನೀವು ಪರೀಕ್ಷೆ ಮಾಡಿಸ್ಕೊಂಡು ಮಾತ್ರೆ ತಗೊಳ್ಳೋವರೆಗೆ ಕಾಂಡೋಮೂ ಬೇಕು. ಇಲ್ಲದಿದ್ದರೆ ಬೇಡ."

ಅವನು ಎದ್ದ. ಆ ದಿನವೇ ಲಾರಿಯ ಕರೆ ಬಂದಿದೆ ಎಂದು ಬ್ಯಾಗು ಹೆಗಲಿಗೇರಿಸಿ, ಕಟ್ಟಿಟ್ಟ ಬುತ್ತಿಯನ್ನೂ ಮುಟ್ಟದೆ ಹೊರಟುಹೋದ. ಕರೆ ಬಂದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆರು ವಾರ ಫೋನಿನಲ್ಲಿ ಮಗಳೊಂದಿಗೆ ಮಾತ್ರ ಮಾತಾಡಿದ. ಇಸ್ತ್ರಿಯಕ್ಕನಿಗೆ ಊಟ ರುಚಿಸಲಿಲ್ಲ. ಬಿಟ್ಟೇ ಹೋದರೆ ಎಂಬ ಯೋಚನೆ ರೋಲರಿನ ಹಬೆಯಂತೆ ಮುಖಕ್ಕೆ ಬಡಿಯುತ್ತಿತ್ತು. ಅವನು ಊರಲ್ಲಿಲ್ಲ, ಈಗ ಬಳೆಯೇಕೆ ಎಂದು ಒಂದು ದಿನ ಅನ್ನಿಸಿತು ಕೂಡ. ಆದರೂ ತಾರೀಕು ಬಂದಾಗ ಹೋಗಿ ಬದಲಾಯಿಸಿಕೊಂಡು ಬಂದಳು. ಅವನು ಯಾವ ದಿನ ಬರುತ್ತಾನೆಂದು ನೋಡಿ ಹಾಕಿಕೊಳ್ಳುವ ಕಾಲ ಮುಗಿದಿತ್ತು.

ಅವನು ಬಂದ. ಬಂದವನು ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡ. ಒಂಬತ್ತು ದಿನ ಹಾಗೆಯೇ ಕಳೆಯಿತು. ಇಬ್ಬರೂ ಮಗಳ ಮೂಲಕ ಮಾತಾಡಿದರು. ಉಪ್ಪು ಕೊಡಲು ಹೇಳು, ಛತ್ರಿ ಎಲ್ಲಿದೆ ಕೇಳು ಎಂದು. ಆ ಹುಡುಗಿ ಬೇಸತ್ತು, ನೀವಿಬ್ಬರೂ ಒಂದೇ ಮನೆಯಲ್ಲಿದ್ದೀರಿ ಎಂದು ನೆನಪಿಸಿದಳು. ಒಂಬತ್ತನೇ ದಿನ ಸಂಜೆ ಕಾಲಿಗೆ ಎಣ್ಣೆ ತಿಕ್ಕಲು ಕೂತಾಗ ಅವನು ತಾಯಿಯನ್ನು, ನಿನಗೂ ಗೊತ್ತಿತ್ತಾ ಎಂದು ಕೇಳಿದ. ಅತ್ತೆ ಹೇಳಿದ ಮಾತಿಗೆ ತಪ್ಪಲಿಲ್ಲ. ಗೊತ್ತಿತ್ತು ಎಂದರು. ಆಮೇಲೆ ಆ ಎರಡು ಕೂಸುಗಳ ವಿಷಯವನ್ನು, ಅವನಿಗೆ ಯಾವತ್ತೂ ಹೇಳದಿದ್ದನ್ನು, ಹೇಳಿದರು. ಅವನ ಕೈ ತಾಯಿಯ ಮೊಣಕಾಲಿನ ಮೇಲೆ ಹಾಗೆಯೇ ನಿಂತಿತು. ಒಲೆಯ ಮುಂದಿದ್ದ ಇಸ್ತ್ರಿಯಕ್ಕ ತಿರುಗಿ ನೋಡಲಿಲ್ಲ.

ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೋರ್ಟಿಗೆ ಹೊರಟವನಂತೆ ಗುಂಡಿಯನ್ನೆಲ್ಲ ಕತ್ತಿನವರೆಗೆ ಹಾಕಿಕೊಂಡು, ಆ ಚಿಕಿತ್ಸಾಲಯ ಎಲ್ಲಿದೆ ಎಂದು ಕೇಳಿದ. ಜೊತೆಗೆ ಬರಲೇ ಎಂದಳು. ಬೇಡ ಎಂದ. ಮಧ್ಯಾಹ್ನ ಬಂದು ಚೀಟಿಯನ್ನು ಮೇಜಿನ ಮೇಲಿಟ್ಟು, ನೀನೇ ಓದು ಎಂದ. ವೈರಸ್ ಇರಲಿಲ್ಲ. ಹಳೆಯ ಸೋಂಕು ಮಾತ್ರ ಇನ್ನೂ ಇತ್ತು. ಡಾಕ್ಟರು ಇಬ್ಬರಿಗೂ ಮತ್ತೆ ಮಾತ್ರೆ ಬರೆದಿದ್ದರು. ಇಬ್ಬರೂ ಒಂದೇ ಹೊತ್ತಿಗೆ, ಅತ್ತೆಯ ಕಣ್ಣೆದುರಿಗೇ, ಏಳು ದಿನ ನುಂಗಿದರು. ಏಳು ದಿನವೂ ಅತ್ತೆ ನೀರಿನ ಲೋಟ ಹಿಡಿದು ಕಾವಲು ನಿಂತರು. ಮಗನಿಗೆ ನಾಲಿಗೆ ಎತ್ತಿ ತೋರಿಸು ಎಂದೂ ಒಮ್ಮೆ ಹೇಳಿದರು.

ಎಲ್ಲ ಮುಗಿದು, ಅವನು ಮತ್ತೆ ಹೊರಡುವ ಹಿಂದಿನ ದಿನ, ಇಬ್ಬರೂ ಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ತಲೆಯೆತ್ತದೆ, ಈಗ ನನಗೂ ಏನಿಲ್ಲ, ನಿನಗೂ ಏನಿಲ್ಲ, ಇನ್ನು ಅದನ್ನ ತೆಗೀಬಹುದಲ್ಲ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಸ್ವಲ್ಪ ಬೇಡಿಕೆಯಿತ್ತು. ಹೂಂ ಎನ್ನುವುದು ಬಹಳ ಸುಲಭವಿತ್ತು. ಅವಳಿಗೆ ಅವನ ಮೇಲೆ ಪ್ರೀತಿ ಇಲ್ಲದೆ ಇರಲಿಲ್ಲ.

"ನಾಳೆ ಮತ್ತೆ ರಸ್ತೆಗೆ ಹೋಗ್ತೀರಲ್ಲ" ಎಂದಳು.

"ಅಂದರೆ ನಂಬಿಕೆ ಇಲ್ಲ."

"ನಂಬಿಕೆ ಬೇರೆ, ಇದು ಬೇರೆ. ಲಾರಿ ನೀವು ಎಷ್ಟು ಚೆನ್ನಾಗಿ ಓಡಿಸ್ತೀರಿ ಅಂತ ನನಗೆ ಗೊತ್ತು. ಆದರೂ ಬ್ರೇಕ್ ನೋಡಿಸದೆ ಒಂದು ದಿನವೂ ಹೊರಟಿಲ್ಲ ನೀವು."

ಅವನು ಬಹಳ ಹೊತ್ತು ಒಂದೇ ಬೂಟನ್ನು ತಿಕ್ಕಿದ. "ಮುಂದಿನ ತಿಂಗಳು ಯಾವ ತಾರೀಕು?" ಎಂದು ಕೊನೆಗೆ ಕೇಳಿದ.

"ಹದಿನಾಲ್ಕು."

"ಆವಾಗ ನಾನು ಇರಲ್ಲ."

"ನೀವು ಇರಬೇಕಾಗಿಲ್ಲ" ಎಂದಳು.

ಹದಿನಾಲ್ಕರಂದು ಲಾಂಡ್ರಿಯಲ್ಲಿ ಎರಡು ಮದುವೆ ಮಂಟಪಗಳ ಬಟ್ಟೆ ಬಂದು ಬಿದ್ದಿತ್ತು. ಸೂಪರ್‌ವೈಸರ್ ಅರ್ಧ ದಿನದ ರಜೆ ಕೊಡಲು ಗೊಣಗಿದ. ಅವಳು ಅವನನ್ನು ದುರುಗುಟ್ಟಿ ನೋಡಿ, ಉದ್ದಕ್ಕನಿಗೆ ತನ್ನ ಕಡೆಯ ಮೂಲೆಗಳನ್ನು ಹಿಡಿಯಲು ಇನ್ನೊಬ್ಬಳನ್ನು ಗೊತ್ತುಮಾಡಿಕೊಟ್ಟು, ಕೈ ತೊಳೆದು, ಮಧ್ಯಾಹ್ನದ ಬಿಸಿಲಿನಲ್ಲಿ ಚಿಕಿತ್ಸಾಲಯದ ಕಡೆಗೆ ಬಿರಬಿರನೆ ನಡೆದಳು. ಅಲ್ಲಿ ಆಗಲೇ ಆರು ಜನ ಕಾಯುತ್ತಿದ್ದರು. ಏಳನೆಯ ಕುರ್ಚಿಯಲ್ಲಿ ಕೂತಳು.